ಮಾಸು ಬೇರೂರುವುದು ಏಕೆ: ಸ್ಕ್ಯಾನಿಂಗ್‌ಗೆ ಹೋಗುವ ಮುನ್ನ ಬರೆದಿಟ್ಟುಕೊಳ್ಳಬೇಕಾದ ಪಟ್ಟಿ

ಹೆರಿಗೆ ವಾರ್ಡಿನ ದಾದಿ ನಾನು. ಒಂದು ರಾತ್ರಿ ಮಗು ಹುಟ್ಟಿ ಅರ್ಧ ಗಂಟೆಯಾದರೂ ಮಾಸು, ಅಂದರೆ ಗರ್ಭದಲ್ಲಿ ಮಗುವನ್ನು ಪೋಷಿಸುವ ಪ್ಲಾಸೆಂಟಾ, ಬೀಳಲಿಲ್ಲ. ಕಿರಿಯ ವೈದ್ಯೆ ಹೊಕ್ಕುಳಬಳ್ಳಿಯನ್ನು ತುಸು ಬಿಗಿಯಾಗಿಯೇ ಎಳೆದರು. ಹಿರಿಯರು ಅವರ ಮಣಿಕಟ್ಟು ಹಿಡಿದು, "ಬಿಡು, ಎಳೆಯಬೇಡ" ಎಂದರು. ಫೈಲಿನಲ್ಲಿ ಇದ್ದದ್ದು "ಹಿಂದೆ ಒಂದು ಗರ್ಭಪಾತ" ಎಂಬ ಅರ್ಧ ಸಾಲು. ಎರಡು ಸಲ ಗರ್ಭಕೋಶ ಕೆರೆದು ಸ್ವಚ್ಛಗೊಳಿಸಿದ್ದರೆಂಬುದು ಬಾಣಂತಿಯ ತಾಯಿಯನ್ನು ಕೇಳಿದಾಗಲೇ ತಿಳಿದದ್ದು.

ಆದ್ದರಿಂದ ಮೊದಲು ಹಾಳೆ, ಪೆನ್ನು ತೆಗೆದುಕೊಳ್ಳಿ. ಗರ್ಭಕೋಶಕ್ಕೆ ಈವರೆಗೆ ಆದ ಪ್ರತಿ ಗಾಯವನ್ನೂ ಬರೆಯಿರಿ: ಸಿಸೇರಿಯನ್ ಎಷ್ಟು, ಡಿ ಅಂಡ್ ಸಿ (ಗರ್ಭಕೋಶ ಕೆರೆದು ಸ್ವಚ್ಛಗೊಳಿಸುವುದು) ಎಷ್ಟು, ಗಡ್ಡೆ ತೆಗೆಸಿದ್ದುಂಟೇ, ಹಿಂದಿನ ಹೆರಿಗೆಯಲ್ಲಿ ಮಾಸನ್ನು ಕೈಹಾಕಿ ತೆಗೆದಿದ್ದರೇ. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆಯ) ಗರ್ಭವಾದರೆ ಅದನ್ನೂ ಸೇರಿಸಿ. ಮನೆಯವರೆದುರು ಹೇಳಲಾಗದ್ದಿದ್ದರೆ ಹಾಳೆಯನ್ನು ಮಡಚಿ ವೈದ್ಯರ ಕೈಗೇ ಕೊಡಿ.

ಗಾಯಕ್ಕೂ ಮಾಸಿಗೂ ಏನು ಸಂಬಂಧ? ಸ್ಟಿಕ್ಕರ್ ನೋಡಿ. ಹಿಂದಿನ ಕಾಗದಕ್ಕೆ ನುಣುಪು ಲೇಪವಿರುವುದರಿಂದಲೇ ಅದು ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಲೇಪ ಕೆರೆದುಹೋದ ಕಡೆ ಕಾಗದವನ್ನೂ ಹರಿದುಕೊಂಡು ಬರುತ್ತದೆ. ಗರ್ಭಕೋಶದಲ್ಲಿ ಆ ಲೇಪದ ಕೆಲಸ ಮಾಡುವುದು ಡೆಸಿಡುವಾ ಎಂಬ ಒಳಪದರ. ಹೆರಿಗೆಯಾದ ಮೇಲೆ ಮಾಸು ಕಳಚಿಕೊಳ್ಳುವುದು ಈ ಪದರದಲ್ಲೇ. ಗಾಯದ ಕಲೆಯ ಮೇಲೆ ಅದು ಸರಿಯಾಗಿ ಬೆಳೆಯುವುದಿಲ್ಲ. ಮಾಸಿನ ಕೋಶಗಳು ತಡೆಯಿಲ್ಲದೆ ಸ್ನಾಯುವಿಗೇ ಅಂಟುತ್ತವೆ. ಇದು ಅಕ್ರೀಟಾ. ಸ್ನಾಯುವಿನೊಳಕ್ಕೆ ಇಳಿದರೆ ಇನ್‌ಕ್ರೀಟಾ, ಗೋಡೆ ದಾಟಿ ಹೊರಗೆ, ಕೆಲವೊಮ್ಮೆ ಮೂತ್ರಕೋಶದವರೆಗೂ ಹೋದರೆ ಪರ್‌ಕ್ರೀಟಾ. ಮಾಸಿನ ಕೋಶಗಳದ್ದೇ ಅತಿಯಾದ ದಾಳಿ ಎಂದು ಹೇಳುವುದುಂಟು. ನನ್ನ ಮಟ್ಟಿಗೆ, ಕಳ್ಳನನ್ನು ಬೈಯುವ ಮೊದಲು ಬಾಗಿಲು ಇತ್ತೇ ಎಂದು ನೋಡಬೇಕು.

ಇಪ್ಪತ್ತನೇ ವಾರದ ಆಸುಪಾಸಿನ ಸ್ಕ್ಯಾನ್ ವರದಿಯಲ್ಲಿ ಮಾಸು ಎಲ್ಲಿ ಕೂತಿದೆ ಎಂಬುದನ್ನು ಹುಡುಕಿ. ಸಿಸೇರಿಯನ್ ಆದವರಲ್ಲಿ ಅದು ಕೆಳಗೆ, ಮುಂಭಾಗದಲ್ಲಿ, ಅಂದರೆ ಹೊಲಿಗೆಯ ಮೇಲೆಯೇ ಇದ್ದರೆ ಎಚ್ಚರ ಬೇಕು. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದವರ ಪೈಕಿ ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ ಶೇ. 11, ಎರಡಾದವರಲ್ಲಿ ಶೇ. 40, ಮೂರಾದವರಲ್ಲಿ ಶೇ. 61 ಮಂದಿಗೆ ಮಾಸು ಹೀಗೆ ಅಂಟಿತ್ತು. ಕೆಳಗಿರುವ ಮಾಸು ಗರ್ಭ ಬೆಳೆದಂತೆ ಮೇಲೆ ಸರಿಯುವುದೇ ಹೆಚ್ಚು. ಹೆದರದೆ ಮರು ಸ್ಕ್ಯಾನ್ ಮಾಡಿಸಿ.

ಆಗ ಈ ಮೂರನ್ನು ಕೇಳಿ: ಮಾಸಿನ ಹಿಂದಿನ ಕಪ್ಪು ಗೆರೆ ಮಾಯವಾಗಿದೆಯೇ? ಮಾಸಿನೊಳಗೆ ರಕ್ತದ ಹೊಂಡಗಳಿವೆಯೇ? ಮೂತ್ರಕೋಶದ ಅಂಚು ಎಲ್ಲಾದರೂ ತುಂಡಾಗಿದೆಯೇ?

ಅನುಮಾನ ಬಂದರೆ ರಕ್ತನಿಧಿ, ತೀವ್ರ ನಿಗಾ ಘಟಕ, ನುರಿತ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಯಲ್ಲಿ ಈಗಲೇ ಹೆಸರು ನೋಂದಾಯಿಸಿ. ಸಾಮಾನ್ಯವಾಗಿ 34ರಿಂದ 36ನೇ ವಾರದೊಳಗೆ ಸಿಸೇರಿಯನ್ ಗೊತ್ತುಮಾಡುತ್ತಾರೆ. ಮಾಸನ್ನು ಕೀಳದೆ ಗರ್ಭಕೋಶದ ಸಮೇತ ತೆಗೆಯಬೇಕಾಗಬಹುದು. ಕಿತ್ತರೆ ತೀವ್ರ ರಕ್ತಸ್ರಾವವಾಗಬಹುದು: ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಗರ್ಭಕೋಶ ಉಳಿಸಿಕೊಳ್ಳುವ ಆಸೆಯಿದ್ದರೆ ಆ ಮಾತನ್ನು ಮೇಜಿನ ಮೇಲೆ ಮಲಗುವ ದಿನಕ್ಕೆ ಇಟ್ಟುಕೊಳ್ಳದೆ ಮೊದಲ ಭೇಟಿಯಲ್ಲೇ ಆಡಿ.