ಡೆಕ್ಕಿನ ಬೋಲ್ಟ್ ಸೋರಿಕೆ ನಿಂತದ್ದು ಹೀಗೆ

ಹಾಯಿದೋಣಿ ದಡದಲ್ಲಿರುವ ತಿಂಗಳುಗಳೇ ಈ ಕೆಲಸಕ್ಕೆ ಸರಿ. ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಮೇಲೆ ಹಗ್ಗ ಕಟ್ಟುವ ಕ್ಲೀಟಿನ ಬೋಲ್ಟ್ ಸುತ್ತ ಮೇಲಿನಿಂದ ಸಿಲಿಕೋನ್ ಬಳಿದರೆ ಪ್ರಯೋಜನವಿಲ್ಲ. ಡೆಕ್ಕಿನ ಮೇಲಿನ, ಕೆಳಗಿನ ಗಟ್ಟಿ ಪದರಗಳ ನಡುವೆ ಇರುವ ಬಾಲ್ಸಾ ಎಂಬ ಹಗುರ ಮರ ಆಗಲೇ ನೀರು ಕುಡಿದಿರುತ್ತದೆ. 6 ಮಿ.ಮೀ. ತೂತನ್ನು 12 ಮಿ.ಮೀ.ಗೆ ಅಗಲಿಸಿದೆ, ಕೆಳಪದರ ಮುಟ್ಟದೆ. ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಕೊಳೆತ ಮರ ಕೆರೆದು ತೆಗೆದೆ. ಒಣಗಿಸುವಾಗ ಮಾತ್ರ ಆತುರ ಬೇಡವೇ ಬೇಡ: ತೇವವಿದ್ದರೆ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ಹಿಡಿಯದು. ಕೆಳಗೆ ಟೇಪ್ ಅಂಟಿಸಿ, ಮೊದಲು ತೆಳು ಎಪಾಕ್ಸಿ ಸವರಿ, ನಂತರ ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ್ದನ್ನು ತುಂಬಿದೆ. ಪೂರ್ತಿ ಗಟ್ಟಿಯಾದ ಮೇಲೆ ನಡುವೆ 6 ಮಿ.ಮೀ. ತೂತು, ಅದರ ಬಾಯಿಗೆ ಸಣ್ಣ ಇಳಿಜಾರು. ಅಲ್ಲಿ ಬ್ಯುಟೈಲ್ ಟೇಪ್ (ಮೆತ್ತನೆಯ, ಅಂಟುವ ರಬ್ಬರ್ ಪಟ್ಟಿ) ಕೂತು ಉಂಗುರದಂತೆ ನೀರು ತಡೆಯುತ್ತದೆ. ಕೆಳಗೆ ಅಗಲ ವಾಷರ್ ಹಾಕಿ, ಬೋಲ್ಟ್ ಅಲುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ. ಬೋಲ್ಟ್ ತಿರುಗಿದರೆ ಟೇಪ್ ಹರಿಯುತ್ತದೆ. ಕೆಲವು ದಿನ ಬಿಟ್ಟು ಮತ್ತೊಮ್ಮೆ ಬಿಗಿ ಮಾಡಿ.