ಥಿಯರಿ ಫಿಸಿಕ್ಸ್‌ನಲ್ಲೇ ಬದುಕು ಕಟ್ಕೋಬೇಕು ಅನ್ನೋರಿಗೆ: ಬಿಎಸ್ಸಿಯಿಂದ ಪರ್ಮನೆಂಟ್ ಕೆಲಸದವರೆಗೆ

ಪಿಯು ರಿಸಲ್ಟ್ ಬಂದ್ಮೇಲೆ ಪ್ರತಿ ವರ್ಷ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಬ್ಲ್ಯಾಕ್ ಹೋಲ್ ಬಗ್ಗೆ ರಿಸರ್ಚ್ ಮಾಡ್ಬೇಕು, ಏನ್ ಓದ್ಬೇಕು ಅಂತ. ಒಂದೇ ಸಾಲಲ್ಲಿ ಉತ್ತರ ಹೇಳೋಕಾಗಲ್ಲ, ಅದಕ್ಕೆ ಇಲ್ಲಿ ಉದ್ದಕ್ಕೆ ಬರೀತಿದೀನಿ. ದಾರಿ ತೋರ್ಸೋಕೆ ನಮ್ಮೂರಿನವರೇ ಒಬ್ಬರನ್ನ ಜೊತೆಗಿಟ್ಕೊಳ್ಳೋಣ, ಬ್ಲ್ಯಾಕ್ ಹೋಲ್ ಮೇಲೆ ಕೆಲಸ ಮಾಡಿದ ವಿಜ್ಞಾನಿ ಸಿ.ವಿ. ವಿಶ್ವೇಶ್ವರ. 1938ರಲ್ಲಿ ಬೆಂಗಳೂರಲ್ಲಿ ಹುಟ್ಟಿದ್ದು, ಅಪ್ಪ ಕನ್ನಡದ ಸಾಹಿತಿ ಸಿ.ಕೆ. ವೆಂಕಟರಾಮಯ್ಯ, ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಆನರ್ಸ್, ಎಂಎಸ್ಸಿ, ಆಮೇಲೆ ಅಮೆರಿಕದಲ್ಲಿ ಕೊಲಂಬಿಯಾ, ಅಲ್ಲಿಂದ ಮೇರಿಲ್ಯಾಂಡ್, 1968ರಲ್ಲಿ ಚಾರ್ಲ್ಸ್ ಮಿಸ್ನರ್ ಕೈಕೆಳಗೆ ಪಿಎಚ್‌ಡಿ. ಐನ್‌ಸ್ಟೈನ್ ಕಥೆ ಹೇಳಿದ್ರೆ ಎಲ್ರೂ ಹೂಂ ಅಂತಾರೆ, ಆದ್ರೆ ಆ ಕಥೆ ನೋಡಿ ಯಾವ ಫಾರ್ಮ್ ತುಂಬೋದು ಅಂತ ಗೊತ್ತಾಗಲ್ಲ. ವಿಶ್ವೇಶ್ವರ ಅವರ ಲೈಫ್ ನೋಡಿದ್ರೆ ಸ್ವಲ್ಪನಾದ್ರೂ ಗೊತ್ತಾಗತ್ತೆ.

ಮೊದ್ಲು ಈ ಕೆಲಸ ಅಂದ್ರೆ ದಿನಾ ಏನ್ ಮಾಡೋದು ಅಂತ ತಿಳ್ಕೊಳ್ಳಿ. ಕಿಟಕಿ ಪಕ್ಕ ಕೂತು ವಿಶ್ವದ ಬಗ್ಗೆ ಯೋಚ್ನೆ ಮಾಡೋದು ಬಹಳ ಕಮ್ಮಿ. ಬೆಳಗ್ಗೆ ಎದ್ದು ಆರ್ಕೈವ್ ತೆಗೀಬೇಕು, ಪಾಲ್ ಗಿನ್ಸ್‌ಪಾರ್ಗ್ ಅನ್ನೋರು 1991ರಲ್ಲಿ ಶುರು ಮಾಡಿದ ರಿಸರ್ಚ್ ಪೇಪರ್‌ಗಳ ಆನ್‌ಲೈನ್ ಭಂಡಾರ ಅದು, ಹೊಸ ಪೇಪರ್‌ಗಳ ಪಟ್ಟಿ ನಮ್ಮ ಟೈಮಿಗೆ ಸೋಮವಾರದಿಂದ ಶುಕ್ರವಾರ ಬೆಳಗ್ಗೆ ಐದೂವರೆಗೆ ಬರತ್ತೆ, ಅಮೆರಿಕದಲ್ಲಿ ಚಳಿಗಾಲ ಆದ್ರೆ ಆರೂವರೆಗೆ. ಪುಕ್ಸಟ್ಟೆ. ಅದ್ರಲ್ಲಿ ಒಂದೋ ಎರಡೋ ಓದಿ, ನಿಮ್ಮ ಲೆಕ್ಕಕ್ಕೆ ಕೂತ್ಕೊಂಡು, ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಒಂದು ಮೈನಸ್ ಬಿಟ್ಟೋಗಿದೆ ಅಂತ ಗೊತ್ತಾಗಿ, ಬೋರ್ಡ್ ಮುಂದೆ ಇನ್ನೊಬ್ರ ಜೊತೆ ಜಗಳ ಆಡಿ, ಸಂಜೆ ಕೋಡ್ ರನ್ ಮಾಡೋಕೆ ಬಿಟ್ಟು ಮನೆಗೆ ಹೋಗೋದು. ಈ ದಿನಚರಿ ಓದೋವಾಗ್ಲೇ ಬೋರ್ ಆಯ್ತು ಅಂದ್ರೆ ಬೇರೆ ದಾರಿ ನೋಡ್ಕೊಳ್ಳಿ, ಬೇಜಾರಿಲ್ಲ.

ಬಿಎಸ್ಸಿ ಎಲ್ಲಿ ಅನ್ನೋದು ಜನ ಅಂದ್ಕೊಂಡಷ್ಟು ದೊಡ್ಡ ವಿಷಯ ಅಲ್ಲ. ಐಐಎಸ್ಸಿ ಬಿಎಸ್ ಸಿಕ್ರೆ ಚೆನ್ನಾಗಿದೆ, ಸೈನ್ಸ್‌ಗೇ ಅಂತ ಇರೋ ಕೇಂದ್ರದ ಸಂಸ್ಥೆಗಳಾದ ಐಸರ್‌ಗಳಿಗೆ ಐಸರ್ ಆಪ್ಟಿಟ್ಯೂಡ್ ಟೆಸ್ಟ್ ಇದೆ, ಅದೇ ಥರದ ಭುವನೇಶ್ವರದ ನೈಸರ್‌ಗೆ ನೆಸ್ಟ್ ಅನ್ನೋ ಪ್ರವೇಶ ಪರೀಕ್ಷೆ ಇದೆ, ಬರೀರಿ. ಸಿಗ್ಲಿಲ್ವಾ, ಹತ್ತಿರದ ಡಿಗ್ರಿ ಕಾಲೇಜಲ್ಲಿ ಫಿಸಿಕ್ಸ್ ಮ್ಯಾಥ್ಸ್ ತಗೊಳ್ಳಿ. ಆದ್ರೆ ಸಿಲಬಸ್ ನಂಬ್ಕೊಂಡು ಕೂರಬೇಡಿ. ಲೀನಿಯರ್ ಆಲ್ಜಿಬ್ರಾ, ಡಿಫರೆನ್ಷಿಯಲ್ ಈಕ್ವೇಶನ್, ಕಾಂಪ್ಲೆಕ್ಸ್ ಅನಾಲಿಸಿಸ್, ಈ ಮೂರು ಕೈಗೆ ಅಂಟಿರಬೇಕು. ಅದ್ರ ಮೇಲೆ ಕ್ಲಾಸಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರೋಮ್ಯಾಗ್ನೆಟಿಸಂ, ಕ್ವಾಂಟಂ, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್. ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠ) ಲೆಕ್ಚರ್‌ಗಳು ಯೂಟ್ಯೂಬಲ್ಲಿ ಇವೆ, ಅದಕ್ಕಿಂತ ಒಳ್ಳೆ ಮೇಷ್ಟ್ರು ಹುಡುಕೋದು ಕಷ್ಟ, ಆದ್ರೆ ವಿಡಿಯೋ ನೋಡಿ ತಲೆ ಆಡಿಸಿದ್ರೆ ಕಲ್ತಂಗಲ್ಲ, ವಿಡಿಯೋ ನಿಲ್ಲಿಸಿ ಮುಂದಿನ ಸ್ಟೆಪ್ ನೀವೇ ಪೆನ್ನಲ್ಲಿ ಬರೀಬೇಕು. ಬೆಂಗಳೂರಲ್ಲಿದ್ರೆ ಜವಾಹರಲಾಲ್ ನೆಹರು ತಾರಾಲಯದಲ್ಲಿ ರೀಪ್ ಅಂತ ಒಂದು ಪ್ರೋಗ್ರಾಂ ಇದೆ, ಡಿಗ್ರಿ ಹುಡುಗ್ರಿಗೆ ಫಿಸಿಕ್ಸ್ ಕ್ಲಾಸು, ಕಾಲೇಜಿಗೆ ಹೋಗ್ಕೊಂಡೇ ಮಾಡ್ಬೋದು. ಆ ತಾರಾಲಯದ ಸ್ಥಾಪಕ ನಿರ್ದೇಶಕರೇ ವಿಶ್ವೇಶ್ವರ. ರಜದಲ್ಲಿ ಎರಡು ತಿಂಗಳು ನಿಜವಾದ ವಿಜ್ಞಾನಿ ಜೊತೆ ಇರೋಕೆ ಮೂರು ಸೈನ್ಸ್ ಅಕಾಡೆಮಿಗಳು ಸೇರಿ ಕೊಡೋ ಸಮ್ಮರ್ ಫೆಲೋಶಿಪ್‌ಗೆ ಹಾಕಿ, ಅರ್ಜಿ ಹಿಂದಿನ ವರ್ಷದ ಕೊನೇಲೇ ಹೋಗ್ಬೇಕು, ಬಹಳ ಜನ ಇದನ್ನೇ ಮಿಸ್ ಮಾಡ್ಕೊಳ್ಳೋದು.

ಎಕ್ಸಾಂಗಳ ವಿಷಯ ಬೇಗ ಮುಗಿಸ್ತೀನಿ. ಬಿಎಸ್ಸಿ ಆದ್ಮೇಲೆ ಜ್ಯಾಮ್ ಅನ್ನೋ ಪ್ರವೇಶ ಪರೀಕ್ಷೆ, ಅದ್ರಿಂದ ಐಐಟಿ ಎಂಎಸ್ಸಿ, ಐಐಎಸ್ಸಿ ಇಂಟಿಗ್ರೇಟೆಡ್ ಪಿಎಚ್‌ಡಿ. ಎಂಎಸ್ಸಿ ಆದ್ಮೇಲೆ ಪಿಎಚ್‌ಡಿಗೆ ಸೇರೋಕೆ ಜೆಸ್ಟ್, ನೆಟ್, ಗೇಟ್, ಮುಂಬೈನ ರಿಸರ್ಚ್ ಸಂಸ್ಥೆ ಟಿಐಎಫ್‌ಆರ್‌ದು ಬೇರೇನೇ ಒಂದು. ಥಿಯರಿಯವರಿಗೆ ಮುಖ್ಯ ಜೆಸ್ಟ್, ಹೆಸರಘಟ್ಟ ಕಡೆ ಇರೋ ಥಿಯರಿ ಸಂಸ್ಥೆ ಐಸಿಟಿಎಸ್, ಸದಾಶಿವನಗರದ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್, ಕೋರಮಂಗಲದ ಖಗೋಳ ಸಂಸ್ಥೆ ಐಐಎ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಐಎಂಎಸ್ಸಿ, ಪ್ರಯಾಗರಾಜ್‌ನ ಹರೀಶ್‌ಚಂದ್ರ ಸಂಸ್ಥೆ ಎಚ್‌ಆರ್‌ಐ ಎಲ್ಲಾ ಅದ್ರ ಸ್ಕೋರ್ ನೋಡ್ತಾರೆ. ಇಂಟರ್ವ್ಯೂನಲ್ಲಿ ಸ್ಟ್ರಿಂಗ್ ಥಿಯರಿ ಕೇಳಲ್ಲ ಮಾರಾಯ್ರೆ, ಸ್ಪ್ರಿಂಗಿಗೆ ಕಟ್ಟಿದ ಎರಡು ಗುಂಡು ಕೇಳ್ತಾರೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಹೇಳಿ ಬೋರ್ಡ್ ಮೇಲೆ ಜೋರಾಗಿ ಯೋಚ್ನೆ ಮಾಡಿ, ಅದನ್ನೇ ನೋಡ್ತಿರ್ತಾರೆ.

ಈಗ ಅಸಲಿ ವಿಷಯ, ಗೈಡ್ ಮತ್ತೆ ಪ್ರಾಬ್ಲಂ ಆರಿಸ್ಕೊಳ್ಳೋದು. ಇದ್ರಲ್ಲೇ ಅರ್ಧ ಕರಿಯರ್ ಡಿಸೈಡ್ ಆಗೋಗತ್ತೆ ಅಂತ ನನ್ನ ಅಭಿಪ್ರಾಯ. ಹೊಸಬ್ರೆಲ್ಲಾ "ಎಲ್ಲದಕ್ಕೂ ಒಂದೇ ಸಿದ್ಧಾಂತ" ಕಂಡುಹಿಡಿಯೋಕೆ ಹೊರಡ್ತಾರೆ. ವಿಶ್ವೇಶ್ವರ ತಗೊಂಡಿದ್ದು ಎಷ್ಟು ಸಣ್ಣ ಪ್ರಶ್ನೆ ನೋಡಿ: ಬ್ಲ್ಯಾಕ್ ಹೋಲನ್ನ ಸ್ವಲ್ಪ ಅಲ್ಲಾಡಿಸಿದ್ರೆ ಅದು ಹಂಗೇ ಸುಧಾರಿಸ್ಕೊಳ್ಳತ್ತಾ, ಇಲ್ಲಾ ಕೆಟ್ಟು ಕೂರತ್ತಾ? ಪ್ರಶ್ನೆ ಅವರದ್ದೂ ಅಲ್ಲ, 1957ರಲ್ಲೇ ರೆಜಿ ಮತ್ತೆ ವೀಲರ್ ಶುರು ಮಾಡಿದ್ರು, ಆದ್ರೆ ಅಂಚಿನ ಹತ್ರ, ಹೊರೈಜನ್ ಅಂತಾರಲ್ಲ ಅಲ್ಲಿ, ಯಾವ ಕಂಡೀಷನ್ ಹಾಕ್ಬೇಕು ಅನ್ನೋದು ಸ್ಪಷ್ಟ ಇರ್ಲಿಲ್ಲ, ಯಾಕಂದ್ರೆ ಆಗ ಬಳಸ್ತಿದ್ದ ಕೋಆರ್ಡಿನೇಟ್‌ಗಳು ಅಲ್ಲೇ ಕೈ ಕೊಡ್ತಿದ್ವು. 1960ರಲ್ಲಿ ಕ್ರುಸ್ಕಲ್ ಕೋಆರ್ಡಿನೇಟ್ ಬಂತು, ಅದು ಹೊರೈಜನ್ ದಾಟಿದ್ರೂ ಕೆಡಲ್ಲ. ಅದನ್ನ ತಂದು ಈ ಹಳೇ ಪ್ರಶ್ನೆಗೆ ಹಚ್ಚಿದ್ರು ವಿಶ್ವೇಶ್ವರ, ಬ್ಲ್ಯಾಕ್ ಹೋಲ್ ಕೆಡಿಸೋ ಅಂತ ಡಿಸ್ಟರ್ಬೆನ್ಸ್‌ಗಳು ಹೊರೈಜನ್‌ನಲ್ಲೇ ತಪ್ಪಾಗಿ ವರ್ತಿಸ್ತವೆ, ಅಂದ್ರೆ ನಿಜದಲ್ಲಿ ಇರೋಕೇ ಆಗಲ್ಲ ಅಂತ ತೋರ್ಸಿದ್ರು. ಅದು 1970ರಲ್ಲಿ ಫಿಸಿಕಲ್ ರಿವ್ಯೂನಲ್ಲಿ ಬಂತು. ಹಂಗಾಗಿ ನೀವೂ ಮಾಡ್ಬೇಕಾದ್ದು ಇದೇ, ಗೈಡ್ ಹತ್ರ ಹೋಗಿ "ನಿಂತೋಗಿರೋ ಹಳೇ ಲೆಕ್ಕ ಯಾವ್ದಿದೆ, ಅದು ನಿಂತಾಗ ಇರದ ಯಾವ ಸಾಧನ ಈಗ ಇದೆ" ಅಂತ ಕೇಳಿ. ಉತ್ತರ ಸಿಕ್ರೆ ಮೊದಲ ಎರಡು ವರ್ಷ ಕೆಲಸ ಸಿಕ್ಕಂಗೆ.

ಅಲ್ಲಿಗೆ ನಿಲ್ಲಿಸ್ಲಿಲ್ಲ ಅವರು. ನ್ಯೂಯಾರ್ಕಿನ ನಾಸಾ ಇನ್‌ಸ್ಟಿಟ್ಯೂಟಲ್ಲಿದ್ದಾಗ, ಸರಿ ಬ್ಲ್ಯಾಕ್ ಹೋಲ್ ಗಟ್ಟಿ ಇದೆ, ಹಂಗಾದ್ರೆ ಅದ್ರ ಮೇಲೆ ಅಲೆಗಳನ್ನ ಎಸೆದ್ರೆ ಏನು ವಾಪಸ್ ಬರತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕಿದ್ರು. ಅಗಲವಾದ ಅಲೆ ಎಸೆದ್ರೆ ಹೆಚ್ಚೇನೂ ಬದಲಾಗದೆ ವಾಪಸ್ ಬಂತು, ಅಲೆಯ ಅಗಲವನ್ನ ಬ್ಲ್ಯಾಕ್ ಹೋಲ್ ಸೈಜಿಗೆ ತಂದ ಕೂಡ್ಲೇ ಹೊರಗೆ ಬಂದಿದ್ದು ದೇವಸ್ಥಾನದ ಗಂಟೆ ಹೊಡೆದಂಗೆ, ಒಂದೇ ಸ್ವರ, ಬೇಗ ಸಣ್ಣಗಾಗ್ತಾ ಹೋಗೋದು. ಆ ಸ್ವರ ನೀವು ಎಸೆದಿದ್ದು ಏನು ಅನ್ನೋದ್ರ ಮೇಲೆ ನಿಂತಿಲ್ಲ, ಬ್ಲ್ಯಾಕ್ ಹೋಲಿನ ಮಾಸ್ ಮೇಲೆ, ಅದು ತಿರುಗ್ತಿದ್ರೆ ಸ್ಪಿನ್ ಮೇಲೆ ಮಾತ್ರ. ಇದೂ 1970, ನೇಚರ್ ಪತ್ರಿಕೆ. ಈಗ ಇದಕ್ಕೆ ಕ್ವಾಸಿನಾರ್ಮಲ್ ಮೋಡ್ ಅಂತಾರೆ. 2015ರ ಸೆಪ್ಟೆಂಬರ್ 14ಕ್ಕೆ ಅಮೆರಿಕದ ಲೈಗೋ ಡಿಟೆಕ್ಟರ್ ಮೊದಲ ಸಲ ಗುರುತ್ವದ ಅಲೆ ಹಿಡೀತಲ್ಲ, ಎರಡು ಬ್ಲ್ಯಾಕ್ ಹೋಲ್ ಡಿಕ್ಕಿಯಾಗಿ ಒಂದಾಗಿದ್ದು, ಆ ಸಿಗ್ನಲ್ಲಿನ ಬಾಲದಲ್ಲಿ ಸುಮಾರು 250 ಹರ್ಟ್ಸ್ ಸ್ವರ ನಾಕು ಮಿಲಿಸೆಕೆಂಡ್ ಅಂದಾಜಲ್ಲಿ ಇಳಿದು ಹೋಗೋದು ಇವರ ಲೆಕ್ಕದ ಥರದ್ದೇ. ನಲವತ್ತೈದು ವರ್ಷ! ಅದನ್ನ ಪ್ರಕಟ ಮಾಡಿದ್ದು 2016ರ ಫೆಬ್ರವರಿ 11ಕ್ಕೆ, ವಿಶ್ವೇಶ್ವರ ತೀರ್ಕೊಂಡಿದ್ದು 2017ರ ಜನವರಿಯಲ್ಲಿ, ಅಂದ್ರೆ ನೋಡೋಕೆ ಸಿಕ್ತು ಅವರಿಗೆ, ಎಲ್ರಿಗೂ ಸಿಗಲ್ಲ. ಅದಕ್ಕೇ ಪ್ರಯೋಗ ಆಗೋವರೆಗೆ ಕಾಯದೇನೇ ತಾನಾಗೇ ಗಣಿತದ ಮೇಲೆ ನಿಲ್ಲೋ ರಿಸಲ್ಟ್ ಥೀಸಿಸ್‌ನಲ್ಲಿ ಒಂದಾದ್ರೂ ಇರ್ಲಿ.

ಪಿಎಚ್‌ಡಿ ಐದಾರು ವರ್ಷ. ದುಡ್ಡು ಅಂದ್ರೆ, 2023ರಿಂದ ಜೆಆರ್‌ಎಫ್, ಅಂದ್ರೆ ಪಿಎಚ್‌ಡಿಯವರಿಗೆ ಕೊಡೋ ಫೆಲೋಶಿಪ್, ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ 42,000, ಎಚ್‌ಆರ್‌ಎ ಬೇರೆ. ಮನೇಲಿ ಸಾಲ ಇದ್ರೆ ಇದನ್ನ ಮೊದ್ಲೇ ಅಪ್ಪ ಅಮ್ಮನ ಹತ್ರ ಕೂತು ಮಾತಾಡಿ, ಸಾಫ್ಟ್‌ವೇರಿಗೆ ಹೋದ ಕ್ಲಾಸ್‌ಮೇಟ್ ಮದ್ವೆಗೆ ಹೋದಾಗ ಸಂಬಳದ ಮಾತು ಬಂದೇ ಬರತ್ತೆ. ಮೊದಲ ಪೇಪರ್ ಆರ್ಕೈವಿಗೆ ಹಾಕೋಕೆ ಎಂಡಾರ್ಸ್‌ಮೆಂಟ್, ಅಂದ್ರೆ ಈಗಾಗ್ಲೇ ಅಲ್ಲಿ ಪೇಪರ್ ಹಾಕಿರೋರ ಒಪ್ಪಿಗೆ, ಬೇಕಾಗ್ಬೋದು, ಗೈಡ್ ನೋಡ್ಕೊಳ್ತಾರೆ. ಹೈ ಎನರ್ಜಿ ಥಿಯರೀಲಿ ಹೆಸರುಗಳು ಅಕ್ಷರಮಾಲೆ ಪ್ರಕಾರ ಇರ್ತವೆ, ನಿಮ್ಮ ಹೆಸರು ಕೊನೇಲಿ ಬಂತು ಅಂತ ಮುನಿಸ್ಕೋಬೇಡಿ.

ಆಮೇಲೆ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಆದ್ಮೇಲಿನ ತಾತ್ಕಾಲಿಕ ರಿಸರ್ಚ್ ಕೆಲಸ, ಇದೇ ನಿಜವಾದ ಪರೀಕ್ಷೆ. ಎರಡೆರಡು ಮೂರು ಮೂರು ವರ್ಷದ ಕಾಂಟ್ರ್ಯಾಕ್ಟು, ಒಂದಲ್ಲ ಎರಡು, ಕೆಲವರಿಗೆ ಮೂರು, ಬೇರೆ ಬೇರೆ ದೇಶ. ವಿಶ್ವೇಶ್ವರ ಅವರೂ ನ್ಯೂಯಾರ್ಕ್, ಬೋಸ್ಟನ್, ಪಿಟ್ಸ್‌ಬರ್ಗ್ ಅಂತ ಸುತ್ತಾಡಿ 1976ರಲ್ಲಿ ರಾಮನ್ ಇನ್‌ಸ್ಟಿಟ್ಯೂಟಿಗೆ ವಾಪಸ್ ಬಂದ್ರು, ಮುಂದೆ ಐಐಎ. ಅರ್ಜಿ ಸೀಸನ್ ಸೆಪ್ಟೆಂಬರ್ ಅಕ್ಟೋಬರಿಂದ ಶುರು, ಹತ್ತಲ್ಲ, ನಲವತ್ತು ಐವತ್ತು ಜಾಗಕ್ಕೆ ಹಾಕೋದು ಮಾಮೂಲು. ಸೆಲೆಕ್ಟ್ ಮಾಡೋರು ಪೇಪರ್‌ಗಿಂತ ಮೊದ್ಲು ರೆಕಮೆಂಡೇಷನ್ ಲೆಟರ್ ಓದ್ತಾರೆ, ಮೂರು ಬೇಕು, ಗೈಡ್ ಬಿಟ್ಟು ಇನ್ನಿಬ್ರಿಗೆ ನಿಮ್ಮ ಕೆಲಸ ಗೊತ್ತಿರ್ಬೇಕು. ಹಂಗಾಗಿ ಕಾನ್ಫರೆನ್ಸಲ್ಲಿ ಗೋಡೆ ಪಕ್ಕ ನಿಂತು ಕಾಫಿ ಕುಡೀಬೇಡಿ, ಹೋಗಿ ಪ್ರಶ್ನೆ ಕೇಳಿ. ಗಂಡ ಹೆಂಡ್ತಿ ಇಬ್ರೂ ರಿಸರ್ಚಲ್ಲಿದ್ರೆ ಒಂದೇ ಊರಲ್ಲಿ ಕೆಲಸ ಹುಡುಕೋದು ಇನ್ನೊಂದು ತಲೆನೋವು, ವಿಶ್ವೇಶ್ವರ ಅವರ ಹೆಂಡ್ತಿ ಸರಸ್ವತಿ ವಿಶ್ವೇಶ್ವರ ಐಐಎಸ್ಸಿಯಲ್ಲಿ ಬಯೋಫಿಸಿಸಿಸ್ಟ್, ಇಬ್ರಿಗೂ ಬೆಂಗಳೂರೇ ಸಿಕ್ತು. ಇಂಥ ಊರು ದೇಶದಲ್ಲಿ ಎಷ್ಟಿದೆ ಹೇಳಿ? ಮದ್ವೆಗೆ ಮುಂಚೆನೇ ಮಾತಾಡ್ಕೊಳ್ಳೋ ವಿಷಯ ಇದು.

ಫ್ಯಾಕಲ್ಟಿ ಕೆಲಸ ಎಲ್ರಿಗೂ ಇಲ್ಲ, ಅದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ. ಪಿಎಚ್‌ಡಿ ಮೂರನೇ ವರ್ಷದೊಳಗೆ ಪೈಥಾನ್, ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್, ಸಾಧ್ಯ ಆದ್ರೆ ಸಿ ಪ್ಲಸ್ ಪ್ಲಸ್ ಕಲ್ತಿಟ್ಕೊಳ್ಳಿ, ಇವತ್ತು ಗ್ರ್ಯಾವಿಟೇಷನಲ್ ವೇವ್ ಡೇಟಾ ಕಡೆ ಹೋದ್ರೂ ಅದೇ ಬೇಕು, ಬಿಟ್ಟು ಬ್ಯಾಂಕೋ ಡೇಟಾ ಕಂಪನಿಗೋ ಹೋದ್ರೂ ಅದೇ ಬೇಕು. ಎರಡನೇ ಪೋಸ್ಟ್‌ಡಾಕ್ ಮುಗಿಯೋಕೆ ಒಂದು ವರ್ಷ ಇದೆ ಅನ್ನೋವಾಗ ಒಂದು ತಾರೀಖು ಹಾಕ್ಕೊಳ್ಳಿ, ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಬ್ಯಾಂಕು, ಕಂಪನಿ ಕಡೆಗೂ ಅರ್ಜಿ ಹಾಕೋಕೆ ಶುರು ಮಾಡಿ. ಇಂಡಿಯಾದಲ್ಲಿ ಐಐಟಿ, ಐಸರ್‌ಗಳಲ್ಲಿ ಫ್ಯಾಕಲ್ಟಿ ಕೆಲಸಕ್ಕೆ ರೋಲಿಂಗ್ ಜಾಹೀರಾತು ಇರತ್ತೆ, ವರ್ಷ ಪೂರ್ತಿ ಅರ್ಜಿ ತಗೊಳ್ತಾರೆ, ಉತ್ತರ ಬರೋಕೆ ತಿಂಗಳುಗಟ್ಟಲೆ ಆಗ್ಬೋದು, ನಡುವೆ ಡಿಪಾರ್ಟ್‌ಮೆಂಟಿನ ಒಬ್ರಿಗೆ ಮೇಲ್ ಮಾಡಿ "ಒಂದು ಸೆಮಿನಾರ್ ಕೊಡ್ಲಾ ಸರ್" ಅಂತ ಕೇಳಿ, ತಪ್ಪಿಲ್ಲ.