ಎರೆ ಮಣ್ಣಿನ ಊರಲ್ಲಿ ರೈತ ಹುತಾತ್ಮರ ವೀರಗಲ್ಲು ನಿಲ್ಲಿಸುವುದು

ಮಲಪ್ರಭಾ ಅಚ್ಚುಕಟ್ಟಿನ ನೀರಿನ ಕರ, ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಕರ) ವಿರೋಧಿಸಿ ಬೀದಿಗಿಳಿದ ರೈತರ ಮೇಲೆ 1980ರ ಜುಲೈ 21ರಂದು ಗೋಲಿಬಾರ್ ಆಯಿತು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಬಿಟ್ಟರು. ಬಂಡಾಯ ರಾಜ್ಯಕ್ಕೆಲ್ಲ ಹಬ್ಬಿತು. ಈಗಲೂ ಆ ದಿನ ಹಸಿರು ಶಾಲಿನ ರೈತ ಸಂಘಟನೆಯವರು ನರಗುಂದದ ವೀರಗಲ್ಲಿಗೆ ಮಾಲೆ ಹಾಕುತ್ತಾರೆ. ನಿಮ್ಮೂರಲ್ಲೂ ಅಂಥ ಕಲ್ಲು ಬೇಕೆಂದಿದ್ದರೆ ಯುಗಾದಿ ಮುಗಿಯುತ್ತಲೇ ಕೆಲಸ ಹಿಡಿಯಿರಿ.

ಮೊದಲು ಹುತಾತ್ಮರ ಮನೆಯವರ ಲಿಖಿತ ಒಪ್ಪಿಗೆ, ಆಮೇಲೆ ಗ್ರಾಮ ಪಂಚಾಯಿತಿ ಠರಾವು. ರಸ್ತೆ ಅಂಚು, ಸರ್ಕಲ್ ಬೇಡ. ಸಾರ್ವಜನಿಕ ರಸ್ತೆಯಲ್ಲಿ ಪ್ರತಿಮೆ, ಕಟ್ಟಡಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಕಲ್ಲು 6 ಅಡಿ ಉದ್ದ, 2 ಅಡಿ ಅಗಲ, 6 ಇಂಚು ದಪ್ಪದ ಗ್ರಾನೈಟ್ ಇರಲಿ. ತೂಕ ಸುಮಾರು 450 ಕಿಲೋ, ಹಾಗಾಗಿ ಚೈನ್ ಪುಲ್ಲಿ ಇಲ್ಲದೆ ಎತ್ತಲು ಹೋಗಬೇಡಿ. ಕನ್ನಡಿಯಂಥ ಪಾಲಿಶ್ ಮಾಡಿಸಿದರೆ ಬಿಸಿಲಿಗೆ ಅಕ್ಷರವೇ ಕಾಣುವುದಿಲ್ಲ.

ಕೆಡುವುದು ಹೆಚ್ಚಾಗಿ ಬುನಾದಿಯಲ್ಲೇ. ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರಡು ವರ್ಷದಲ್ಲಿ ಕಲ್ಲು ವಾಲುತ್ತದೆ. ಏಪ್ರಿಲ್‌ನಲ್ಲಿ ಬಿರುಕಿಗೆ ಕಬ್ಬಿಣದ ಸರಳು ಇಳಿಸಿ ಆಳ ನೋಡಿ, ಅದಕ್ಕಿಂತ ಅರ್ಧ ಅಡಿ ಕೆಳಗೆ ಹೋಗಿ. 4 ಅಡಿ ಚೌಕ, 5 ಅಡಿ ಆಳದ ಗುಂಡಿ ಎಂದುಕೊಳ್ಳಿ. ತಳದ ಎರಡೂವರೆ ಅಡಿಗೆ ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು), ಅದನ್ನೂ ಅರ್ಧರ್ಧ ಅಡಿ ಹಾಕಿ ನೀರು ಹಾಯಿಸಿ ಧಮ್ಮಸ್ಸು ಮಾಡಿ ಕುಟ್ಟಬೇಕು. ಅಗೆದ ಎರೆ ಮಣ್ಣನ್ನು ತಿರುಗಿ ತುಂಬಿದರೆ ಅಷ್ಟೂ ದುಡಿಮೆ ದಂಡ. ಮೇಲೆ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು, ಸುಮಾರು 7 ಚೀಲ ಸಿಮೆಂಟು: ಕಲ್ಲಿನಡಿಗೆ ಅರ್ಧ ಅಡಿ, ಸುತ್ತ 2 ಅಡಿ ಎತ್ತರಕ್ಕೆ. ತೂಗುಗುಂಡು ಬಿಟ್ಟು ನೆಟ್ಟಗಿದೆಯೇ ನೋಡಿ, ಎರಡೂ ಕಡೆ ಆಸರೆ ಕೊಟ್ಟು ವಾರ ಬಿಡಿ; ಹಸಿ ಗೋಣಿ ಹೊದಿಸಿ 14 ದಿನ ನೀರುಣಿಸಿ. ನೀರು ಬುಡಕ್ಕೆ ಇಳಿಯದಂತೆ ಸುತ್ತ ಇಳಿಜಾರಿನ ಕಟ್ಟೆ ಕಟ್ಟಿ.

ಹಳೆಯ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ-ಚಂದ್ರ ಇರುತ್ತವೆ. ಇಲ್ಲಿ ಕೆಳಗೊಂದು ನೇಗಿಲು, ಮೇಲೆ ಸೂರ್ಯ-ಚಂದ್ರ ಸಾಕು. ನಡುವಿನ ಜಾಗ ಬರಹಕ್ಕೆ ಬೇಕು. ಹೆಸರು ಎರಡೂವರೆ ಇಂಚು, ಉಳಿದದ್ದು ಒಂದೂಕಾಲು ಇಂಚು, ಕೆತ್ತನೆಯ ಆಳ ಕಾಲಿಂಚು. ಸಾಲುಗಳ ನಡುವೆ ಒಂದು ಅಕ್ಷರದಷ್ಟು ಎತ್ತರ ಬಿಡಿ. ಸ್ಟೆನ್ಸಿಲ್‌ನವರು ಇಕ್ಕಟ್ಟಾಗಿ ಕೂರಿಸಿದರೆ ‘ವೀರಪ್ಪ’ದ ಒತ್ತಕ್ಷರ ಕೆಳಸಾಲಿನ ತಲೆಕಟ್ಟಿಗೆ ಅಂಟುತ್ತದೆ. ಅಚ್ಚು ಕಾಗದವನ್ನು ಮನೆಯವರಿಗೆ ಓದಿ ಹೇಳಿ, ಸಹಿ ಪಡೆದ ಮೇಲೆಯೇ ಉಳಿ ಹಚ್ಚಲಿ.

ಹೆಸರು, ತಂದೆ, ಊರು, ದಿನ, ಸತ್ತ ಜಾಗ, ಒಂದು ಸಾಲಿನಲ್ಲಿ ಕಾರಣ. ಗೋಲಿಬಾರನ್ನು ‘ದುರ್ಘಟನೆ’ ಎಂದು ಬರೆಸಬೇಡಿ. ದಾನಿಗಳು, ಉದ್ಘಾಟಕರು ಬೆನ್ನಿನ ಬದಿಗೆ ಹೋಗಲಿ. ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ.

ಎಣ್ಣೆ ಸುರಿಯಬೇಡಿ, ಧೂಳು ಹಿಡಿದು ಕೆತ್ತನೆ ಮುಚ್ಚುತ್ತದೆ. ಮಾಲೆ ನೂಲಿನದೇ ಆಗಲಿ. ತಂತಿಯ ಮಾಲೆ ಮಳೆಯಲ್ಲಿ ಉಳಿದರೆ ತುಕ್ಕಿನ ಕಲೆ ಹೋಗುವುದಿಲ್ಲ.